ಪಣಜಿಯಲ್ಲಿ ಕಾರು ನಿಲ್ಲಿಸಿ ಊರು ಸುತ್ತುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಗೋವಾಕ್ಕೆ ಹೊರಟವರು ಫೋನ್ ಮಾಡಿ ಯಾವ ಬೀಚ್ ಚೆಂದ ಅಂತ ಕೇಳುತ್ತಾರೆ. ಮೊದಲು ಪಣಜಿಗೆ ಹೋಗಿ, ಕಾರು ನಿಲ್ಲಿಸಿ, ಒಂದು ದಿನ ನಡೆಯಿರಿ ಅನ್ನುತ್ತೇನೆ ನಾನು. ಅಲ್ಲಿಂದ ಪ್ರಶ್ನೆಗಳು ಶುರು. ಧಾರವಾಡದಿಂದ ನಾನು ಎಷ್ಟೋ ಸಲ ಹೋಗಿ ಬಂದಿದ್ದೇನೆ. ಮಳೆಯಲ್ಲಿ, ಬಿಸಿಲಲ್ಲಿ, ಅವ್ವನ ಜೊತೆ, ಮಕ್ಕಳ ಜೊತೆ. ಫೋನಲ್ಲಿ ಒಬ್ಬೊಬ್ಬರಿಗೆ ಹೇಳಿದ್ದನ್ನೆಲ್ಲ ಇಲ್ಲಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ಪಣಜಿಯಲ್ಲಿ ನೋಡೋಕೆ ಏನಿದೆ? ಎಲ್ಲರೂ ಸೇತುವೆ ದಾಟಿ ಸೀದಾ ಕಲಂಗೂಟ್‌ಗೆ ಹೋಗುತ್ತಾರಲ್ವಾ?

ಹೋಗುತ್ತಾರೆ, ಅದೇ ನನಗೆ ಬೇಜಾರು. 2019ರಲ್ಲಿ ಅಟಲ್ ಸೇತು ಆದ ಮೇಲಂತೂ ಊರಿಗೆ ಕಾಲೇ ಇಡದೆ ಮೇಲಿಂದ ಮೇಲೆ ದಾಟಿಬಿಡಬಹುದು. ಕೆಳಗೆ ಒಂದು ಕಡೆ ಮಾಂಡೋವಿ ನದಿ, ಇನ್ನೊಂದು ಕಡೆ ಆಲ್ತಿನ್ಹೊ ಗುಡ್ಡ, ನಡುವಿನ ಪಟ್ಟಿಯಲ್ಲಿ ಹಳೇ ಪಣಜಿ ಕೂತಿದೆ. ರಾಜಧಾನಿ ಅಂದ ಕೂಡಲೇ ನಮಗೆ ಬೆಂಗಳೂರಿನಷ್ಟು ದೊಡ್ಡದು ಕಣ್ಣಿಗೆ ಬರುತ್ತದೆ. ಈ ಊರಿನ ಹಳೇ ಭಾಗ ಆ ತುದಿಯಿಂದ ಈ ತುದಿಗೆ ಎರಡು ಕಿಲೋಮೀಟರ್ ಚಿಲ್ಲರೆ ಅಷ್ಟೇ.

ಪೋರ್ಚುಗೀಸರ ಹಳೇ ರಾಜಧಾನಿ ಇಲ್ಲಿಂದ ಒಂಬತ್ತು ಹತ್ತು ಕಿಲೋಮೀಟರ್ ದೂರದ ಓಲ್ಡ್ ಗೋವಾ. ಅಲ್ಲಿ ರೋಗ ಹಬ್ಬಿ ಜನ ಸಾಯುತ್ತ ಹೋದಾಗ ಉಳಿದವರು ನದಿಯ ಗುಂಟ ಕೆಳಗೆ ಸರಿದರು. 1759ರಲ್ಲಿ ವೈಸ್‌ರಾಯ್ ಬಿಡಾರ ಪಣಜಿಗೆ ಬಂತು, 1843ರಲ್ಲಿ ಅಧಿಕೃತವಾಗಿ ಇದೇ ರಾಜಧಾನಿ ಆಯಿತು. 1961ರ ಡಿಸೆಂಬರ್ 19ಕ್ಕೆ ಪೋರ್ಚುಗೀಸ್ ಆಳ್ವಿಕೆ ಮುಗಿಯಿತು, 1987ರ ಮೇ 30ಕ್ಕೆ ಗೋವಾ ಪೂರ್ಣ ರಾಜ್ಯ ಆಯಿತು. ಇಷ್ಟೆಲ್ಲ ಆದರೂ ರಾಜಧಾನಿ ಮಾತ್ರ ಕದಲಲಿಲ್ಲ. ಹಾಗಾಗಿ ಇಲ್ಲಿ ಹಳೇದು ಬೇರೆ, ಹೊಸದು ಬೇರೆ ಅಂತ ಇಲ್ಲ. ಇನ್ನೂರು ವರ್ಷದ ಗೋಡೆಗೆ ಒರಗಿಸಿದ ಸ್ಕೂಟರ್, ಅದರ ಪಕ್ಕ ಜೆರಾಕ್ಸ್ ಅಂಗಡಿ, ಅದರ ಮೇಲಿನ ಬಾಲ್ಕನಿಯಲ್ಲಿ ಒಣಗುತ್ತಿರುವ ಶಾಲೆಯ ಯೂನಿಫಾರ್ಮ್. ಇದನ್ನೆಲ್ಲ ಕಾರಿನ ಕಿಟಕಿಯಿಂದ ನೋಡೋಕೆ ಆಗೋದಿಲ್ಲ.

ಯಾವ ದಾರಿಯಲ್ಲಿ ಬಂದರೆ ಒಳ್ಳೆಯದು?

ಮಂಗಳೂರು, ಉಡುಪಿ, ಕಾರವಾರ ಕಡೆಯವರಿಗೆ 66ನೇ ಹೆದ್ದಾರಿ ಇದ್ದೇ ಇದೆ, ಕಾರವಾರದಿಂದ ಸುಮಾರು 100 ಕಿಲೋಮೀಟರ್. ನಮ್ಮ ಕಡೆಯವರಿಗೆ ಎರಡು ಘಾಟಿ. ಒಂದು ಅನಮೋಡ: ಲೋಂಡಾ, ಮೊಲ್ಲೆಂ, ಫೋಂಡಾ ಮೇಲೆ ಇಳಿಯುತ್ತದೆ. ಇನ್ನೊಂದು ಚೋರ್ಲಾ: ಬೆಳಗಾವಿ, ಜಾಂಬೋಟಿ, ಕಣಕುಂಬಿ, ಆಮೇಲೆ ಸಾಂಖಳಿ. ಬೆಳಗಾವಿಯಿಂದ 110 ಕಿಲೋಮೀಟರ್ ಆಸುಪಾಸು.

ಮಳೆಗಾಲ ಬಿಟ್ಟು ಬೇರೆ ಯಾವಾಗಲಾದರೂ ನಾನು ಚೋರ್ಲಾವನ್ನೇ ಹಿಡಿಯುತ್ತೇನೆ. ಕಣಕುಂಬಿಯಲ್ಲಿ ಹತ್ತು ನಿಮಿಷ ನಿಲ್ಲಿ. ನಮ್ಮ ಮಲಪ್ರಭೆ ಹುಟ್ಟುವುದು ಅಲ್ಲಿ, ಹುಟ್ಟಿ ಪೂರ್ವಕ್ಕೆ ಹೊರಡುತ್ತಾಳೆ. ಅದೇ ಖಾನಾಪುರ ತಾಲ್ಲೂಕಿನ ಕಾಡಲ್ಲೇ ಮಹದಾಯಿಯೂ ಹುಟ್ಟುತ್ತಾಳೆ, ಅವಳು ಪಶ್ಚಿಮಕ್ಕೆ. ಗೋವಾದೊಳಗೆ ಹೋದ ಮೇಲೆ ಅವಳ ಹೆಸರು ಮಾಂಡೋವಿ. ಪಣಜಿಯ ದಂಡೆಯಲ್ಲಿ ನಿಂತು ನೀವು ನೋಡುವ ಅಷ್ಟಗಲದ ನದಿ ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿದ್ದು. ನೀರಿನ ಹಂಚಿಕೆಯ ಜಗಳ ಎರಡೂ ರಾಜ್ಯಕ್ಕೆ ಇದೆ, ಗೊತ್ತು. ಆದರೂ ಆ ದಂಡೆಯಲ್ಲಿ ನಿಂತಾಗ ನನಗೆ ಬೇರೆ ಊರಿಗೆ ಬಂದೆ ಅನ್ನಿಸುವುದೇ ಇಲ್ಲ.

ಮಳೆಗಾಲದಲ್ಲಿ ಎರಡೂ ಘಾಟಿಯಲ್ಲಿ ಮಂಜು ಇರುತ್ತದೆ, ಮಣ್ಣು ಕುಸಿಯುತ್ತದೆ, ಮರ ಬೀಳುತ್ತದೆ. ದಾರಿ ತೆರೆದಿದೆಯಾ ಅಂತ ಹೊರಡುವ ದಿನವೇ ಕೇಳಿಕೊಳ್ಳಿ. ರಾತ್ರಿ ಮಾತ್ರ ಇಳಿಯಬೇಡಿ.

ಕಾರು ಎಲ್ಲಿ ನಿಲ್ಲಿಸಬೇಕು?

ಪಾಟ್ಟೊ ಕಡೆ, ಅಂದರೆ ಕದಂಬ ಬಸ್ ಸ್ಟ್ಯಾಂಡ್ ಇರುವ ಭಾಗ. ದುಡ್ಡು ಕೊಟ್ಟು ನಿಲ್ಲಿಸುವ ಜಾಗ ಅಲ್ಲಿ ಇದೆ. ಕೊಟ್ಟುಬಿಡಿ, ಆ ದುಡ್ಡಿಗೆ ಇಡೀ ದಿನದ ನೆಮ್ಮದಿ ಸಿಗುತ್ತದೆ. ಬಸ್ಸಿನ ಮೇಲೆ ಕದಂಬ ಅಂತ ಬರೆದಿರುವುದು ಗೋವಾ ಆಳಿದ ಕದಂಬರ ಹೆಸರು. ನಮ್ಮ ಖಾನಾಪುರದ ಹಲಸಿಯೂ ಅವರ ರಾಜಧಾನಿಯಾಗಿತ್ತು. ಮಕ್ಕಳಿಗೆ ಇದನ್ನು ಹೇಳಿ, ಬಸ್ ಕಂಡಾಗಲೆಲ್ಲ ಓದುತ್ತಾರೆ.

ದಯವಿಟ್ಟು ಫೊಂಟೇನಾಸ್ ಅನ್ನುವ ಹಳೇ ಮನೆಗಳ ಕೇರಿಯ ಗಲ್ಲಿಗಳೊಳಗೆ ಕಾರು ಹೊಗಿಸಬೇಡಿ. ನಾನು ಮೊದಲನೇ ಸಲ ಅದೇ ತಪ್ಪು ಮಾಡಿದೆ. ಮ್ಯಾಪ್ ಎಡಕ್ಕೆ ಅಂದಿತು, ತಿರುಗಿಸಿದೆ. ಒಂದು ಕಡೆ ಮನೆಯ ಮೆಟ್ಟಿಲು ರಸ್ತೆಗೇ ಬಂದಿದೆ, ಇನ್ನೊಂದು ಕಡೆ ಸಾಲಾಗಿ ಸ್ಕೂಟರ್, ಎದುರಿಗೆ ಗ್ಯಾಸ್ ಸಿಲಿಂಡರ್ ಹೊತ್ತ ಟೆಂಪೊ. ಹಿಂದಕ್ಕೆ ತೆಗೆಯುವಾಗ ಎಡಗಡೆ ಕನ್ನಡಿ ಒಂದು ಹಳದಿ ಗೋಡೆಗೆ ಕರ್ರ್ ಅಂತ ಉಜ್ಜಿತು. ಒಳಗಿಂದ ಒಬ್ಬ ಅಜ್ಜ ಬನಿಯನ್ ಮೇಲೇ ಹೊರಗೆ ಬಂದರು. ಬೈಯುತ್ತಾರೆ ಅಂದುಕೊಂಡೆ. ಅವರು ಸ್ಕೂಟರ್ ಎರಡನ್ನು ತಾವೇ ಎತ್ತಿ ಸರಿಸಿ, ಅಂಗೈ ಆಡಿಸುತ್ತ, ಕಾಲು ಗಂಟೆ ನಿಂತು ನನ್ನ ಕಾರನ್ನು ಹೊರಗೆ ತೆಗೆಸಿದರು. ನಾನು ಇಳಿದು ಗೋಡೆ ನೋಡಿದೆ. ಗೇಣುದ್ದದ ಕಪ್ಪು ಗೀರು. ಅಜ್ಜ ಅದನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿ, ಮಳೆ ಮುಗಿದ ಮೇಲೆ ಹೇಗೂ ಬಣ್ಣ ಹೊಡೆಸುತ್ತೇವೆ ಬಿಡಮ್ಮ ಅಂದರು, ಹಿಂದಿಯಲ್ಲಿ. ಆವತ್ತಿನಿಂದ ಪಾಟ್ಟೊದಲ್ಲಿ ನಿಲ್ಲಿಸಿ ನಡೆಯುತ್ತೇನೆ.

ಬಾಡಿಗೆ ಸ್ಕೂಟರ್ ತಗೊಂಡರೆ?

ಬೀಚ್‌ಗಳಿಗೆ ಸರಿ. ಈ ಎರಡು ಕಿಲೋಮೀಟರ್‌ಗೆ ಬೇಡ. ಅದನ್ನು ನಿಲ್ಲಿಸೋಕೂ ಜಾಗ ಹುಡುಕಬೇಕಲ್ವಾ?

ಎಲ್ಲಿಂದ ಶುರು ಮಾಡಿ ಎಲ್ಲಿಗೆ ಮುಗಿಸಬೇಕು? ಎಷ್ಟು ಹೊತ್ತು ಬೇಕು?

ಬೆಳಿಗ್ಗೆ ಏಳೂವರೆ ಒಳಗೆ ಪಾಟ್ಟೊದಿಂದ ಹೊರಡಿ. ಒರೆಂ ಅನ್ನುವ ಉಪ್ಪುನೀರಿನ ಹಳ್ಳ ದಾಟಿದರೆ ಫೊಂಟೇನಾಸ್. ಅಲ್ಲಿ ಎರಡು ಗಂಟೆ. ಗಲ್ಲಿಗಳಲ್ಲೇ ಸುತ್ತಿ ಬಿಳಿ ಚರ್ಚಿನ ಕಡೆ ಬನ್ನಿ. ಎದುರಿನ ಪಾರ್ಕಿನಲ್ಲಿ ಕೂತು ಸುಧಾರಿಸಿಕೊಳ್ಳಿ. ಆಮೇಲೆ ನದಿಯ ಕಡೆ ಇಳಿದರೆ ಆದಿಲ್ ಶಾಹಿ ಅರಮನೆ. ಅಲ್ಲಿಗೆ ಹನ್ನೊಂದೂವರೆ ಆಗುತ್ತದೆ, ಬಿಸಿಲು ನೆತ್ತಿಗೆ ಬಂದಿರುತ್ತದೆ. ಊಟ ಮಾಡಿ ಮಲಗಿ. ನಾಲ್ಕೂವರೆಗೆ ಮತ್ತೆ ಎದ್ದು ನದಿ ದಂಡೆ ಹಿಡಿದು ಕಂಪಾಲ್ ಕಡೆ, ಕಲಾ ಅಕಾಡೆಮಿವರೆಗೆ. ಗಟ್ಟಿ ಕಾಲಿನವರು ಇನ್ನೂ ಮುಂದೆ ಮಿರಾಮಾರ್ ಬೀಚ್‌ವರೆಗೂ ಹೋಗಬಹುದು, ಚರ್ಚಿನಿಂದ ಸುಮಾರು ಮೂರು ಕಿಲೋಮೀಟರ್.

ಒಂದೇ ಹೊತ್ತು ಇದ್ದರೆ ಬೆಳಗಿನ ಭಾಗ ಮಾತ್ರ ಮಾಡಿ. ಎಲ್ಲವನ್ನೂ ಓಡೋಡಿ ಮುಗಿಸಿದರೆ ಏನೂ ನೆನಪು ಉಳಿಯುವುದಿಲ್ಲ.

ಫೊಂಟೇನಾಸ್‌ನಲ್ಲಿ ನೋಡೋದು ಬಣ್ಣದ ಮನೆಗಳನ್ನ ಮಾತ್ರಾನಾ?

ಬಣ್ಣ ಮೊದಲು ಕಣ್ಣಿಗೆ ಬೀಳುತ್ತದೆ ನಿಜ. ಕಾವಿ ಕೆಂಪು, ಸಾಸಿವೆ ಹಳದಿ, ನೀಲಿ, ಅಂಚಿಗೆಲ್ಲ ಬಿಳಿ ಪಟ್ಟಿ. ಪೋರ್ಚುಗೀಸರ ಕಾಲದಲ್ಲಿ ಬಿಳಿ ಬಣ್ಣ ಚರ್ಚಿಗೆ ಮಾತ್ರ, ಮನೆಗಳಿಗೆ ಬೇರೆ ಬಣ್ಣ ಹೊಡೆಸಬೇಕಿತ್ತು, ಅದೂ ಪ್ರತಿ ಮಳೆಗಾಲ ಮುಗಿದ ಮೇಲೆ ಅಂತ ಅಲ್ಲಿನವರು ಹೇಳುತ್ತಾರೆ. ನನ್ನ ಕಾರು ಗೀರಿದ ಮನೆಯ ಅಜ್ಜ ಹೇಳಿದ್ದೂ ಇದನ್ನೇ.

ಬಣ್ಣ ನೋಡಿ ಆದ ಮೇಲೆ ನಿಂತು ಕಿಟಕಿ ನೋಡಿ. ಕೆಲವು ಹಳೇ ಮನೆಗಳಲ್ಲಿ ಗಾಜಿನ ಬದಲು ಕಪ್ಪೆಚಿಪ್ಪಿನ ತೆಳು ಬಿಲ್ಲೆಗಳನ್ನು ಮರದ ಪಟ್ಟಿಗಳ ನಡುವೆ ಕೂಡಿಸಿದ್ದಾರೆ. ಮಗ್ಗುಲಿನಿಂದ ನೋಡಿದರೆ ಹಾಲು ಬೆರೆಸಿದ ನೀರಿನ ಬಣ್ಣ. ಬೆಳಕು ಒಳಗೆ ಹೋಗುತ್ತದೆ, ಬಿಸಿಲು ಹೋಗುವುದಿಲ್ಲ. ಗಾಜು ದುಬಾರಿಯಾಗಿದ್ದ ಕಾಲದ ಜಾಣತನ. ಆಮೇಲೆ ತಲೆ ಎತ್ತಿ ಸೂರು ನೋಡಿ, ಎಷ್ಟೋ ಮನೆಗಳ ಮೇಲೆ ನಮ್ಮ ಮಂಗಳೂರು ಹಂಚು, ಕೆಲವು ಕಡೆ ತುದಿಯಲ್ಲಿ ಒಂದು ಮಣ್ಣಿನ ಹುಂಜ. ಗಾರೆ ಉದುರಿದ ಕಡೆ ಒಳಗಿನ ಜಂಬಿಟ್ಟಿಗೆ ಕಾಣುತ್ತದೆ, ನಮ್ಮ ಕರಾವಳಿಯ ಮನೆಗಳ ಅದೇ ಕೆಂಪು ಕಲ್ಲು. ಬಾಗಿಲ ಪಕ್ಕ ನೀಲಿ ಬಿಳಿ ಹೆಂಚಿನ ಮೇಲೆ ಮನೆಯ ಹೆಸರು ಬರೆದಿರುತ್ತಾರೆ. ಮನೆ ಮುಂದೆ ಎರಡೂ ಬದಿ ಕಲ್ಲಿನ ಆಸನ ಇರುವ ಮೊಗಸಾಲೆಗೆ ಅವರು ಬಲ್ಕಾಂವ್ ಅನ್ನುತ್ತಾರೆ. ನಮ್ಮ ಕಟ್ಟೆಯ ಹಾಗೆ ಸಂಜೆ ಮಾತಿಗೆ ಕೂರುವ ಜಾಗ.

ಫೊಂಟೇನಾಸ್ ಅನ್ನುವ ಹೆಸರು ಬಂದದ್ದು ನೀರಿನ ಊಟೆಯಿಂದ. ಪಕ್ಕದ ಮಾಳ ಅನ್ನುವ ಕೇರಿಯ ಕಡೆಗೆ ನಡೆದರೆ ಗುಡ್ಡದ ಬುಡದಲ್ಲಿ ಫೊಂತ್ ಫೆನಿಕ್ಸ್ ಅಂತ ಒಂದು ಚಿಲುಮೆ ಇದೆ. ಅದರ ಮೇಲ್ಗಡೆ ಮಾರುತಿ ಗುಡಿ. ಗುಡಿಯ ಅಂಗಳದಿಂದ ಹಂಚಿನ ಮಾಡುಗಳೆಲ್ಲ ಒಟ್ಟಿಗೆ ಕಾಣುತ್ತವೆ. ಅಲ್ಲಿಗೆ ಬರುವವರು ಕಡಿಮೆ, ನೀವು ತಪ್ಪಿಸಬೇಡಿ.

ಸೇಂಟ್ ಸೆಬಾಸ್ಟಿಯನ್ ಚಾಪೆಲ್ ತೆರೆದಿದ್ದರೆ ಒಳಗೆ ಹೋಗಿ. ಶಿಲುಬೆಯ ಮೇಲಿನ ಯೇಸುವಿನ ತಲೆ ಸಾಮಾನ್ಯವಾಗಿ ಬಾಗಿರುತ್ತದೆ, ಕಣ್ಣು ಮುಚ್ಚಿರುತ್ತದೆ. ಇಲ್ಲಿ ತಲೆ ನೆಟ್ಟಗೆ, ಕಣ್ಣು ತೆರೆದು ಎದುರಿಗೆ ನೋಡುತ್ತಿದ್ದಾನೆ. ಈ ಶಿಲುಬೆ ಮೊದಲು ಓಲ್ಡ್ ಗೋವಾದ ಇನ್‌ಕ್ವಿಸಿಷನ್ ಕಟ್ಟಡದಲ್ಲಿ ಇತ್ತು. ಧರ್ಮ ತಪ್ಪಿದರು ಅಂತ ಜನರನ್ನು ಹಿಡಿದು ತಂದು ವಿಚಾರಣೆ ಮಾಡುತ್ತಿದ್ದ ಜಾಗ ಅದು. ಅಲ್ಲಿ ನಿಂತವರ ಎದುರಿಗೂ ಈ ಕಣ್ಣು ಹೀಗೇ ತೆರೆದಿತ್ತು ಅಂತ ನೆನೆದಾಗ ನನ್ನ ಮೈ ಜುಂ ಅಂದಿತು.

ಅಲ್ಲಿ ಫೋಟೊ, ರೀಲ್ಸ್ ಮಾಡಬಹುದಾ?

ರಸ್ತೆಯಲ್ಲಿ ನಿಂತು ಒಂದೆರಡು ಫೋಟೊ ತಗೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಆ ಮೆಟ್ಟಿಲು, ಆ ಬಲ್ಕಾಂವ್, ಆ ಕಿಟಕಿ ಎಲ್ಲ ಯಾರದೋ ಮನೆಯದು. ಫೋಟೊ ತೆಗೆಯಬೇಡಿ ಅಂತ ಎಷ್ಟೋ ಮನೆಗಳವರು ಬೋರ್ಡ್ ಹಾಕಿದ್ದಾರೆ. ಒಂದು ಸಲ ನೋಡಿದೆ, ಮದುವೆ ಫೋಟೊದವರು ಒಂದು ಮನೆಯ ಬಾಗಿಲಿಗೆ ಅಡ್ಡಲಾಗಿ ಲೈಟ್ ನಿಲ್ಲಿಸಿದ್ದಾರೆ, ಆ ಮನೆಯ ಹೆಂಗಸು ತರಕಾರಿ ಚೀಲ ಹಿಡಿದು ತಮ್ಮದೇ ಮನೆಯೊಳಗೆ ಹೋಗೋಕೆ ರಸ್ತೆಯಲ್ಲಿ ಕಾಯುತ್ತಿದ್ದಾರೆ. ನಮ್ಮ ಮನೆ ಕಟ್ಟೆ ಮೇಲೆ ದಿನಾ ಐವತ್ತು ಜನ ಬಂದು ನಿಂತರೆ ನಮಗೆ ಹೇಗಿರುತ್ತದೆ? ಅಲ್ಲಿ ಮೆಲ್ಲಗೆ ಮಾತಾಡಿ. ಮೆಟ್ಟಿಲು ಹತ್ತಬೇಡಿ. ಯಾರಾದರೂ ಹೊರಗೆ ಕೂತಿದ್ದರೆ ಒಂದು ನಮಸ್ಕಾರ ಹೇಳಿ, ಅವರೇ ಮಾತಿಗೆ ಇಳಿಯುತ್ತಾರೆ.

ಸಿನಿಮಾದಲ್ಲಿ ಕಾಣುವ ಬಿಳಿ ಚರ್ಚ್ ಯಾವುದು?

ಇಮ್ಯಾಕ್ಯುಲೇಟ್ ಕನ್ಸೆಪ್ಷನ್ ಚರ್ಚ್. 1541ರಲ್ಲಿ ಇಲ್ಲಿ ಚಿಕ್ಕ ಚಾಪೆಲ್ ಇತ್ತು, 1619ರಲ್ಲಿ ದೊಡ್ಡದಾಗಿ ಕಟ್ಟಿದರು. ಲಿಸ್ಬನ್‌ನಿಂದ ತಿಂಗಳುಗಟ್ಟಲೆ ಸಮುದ್ರದಲ್ಲಿ ಇದ್ದು ಬಂದ ನಾವಿಕರು ಬದುಕಿ ಬಂದೆವಲ್ಲಾ ಅಂತ ಮೊದಲು ಇಲ್ಲಿ ಕೈ ಮುಗಿದು ಆಮೇಲೆ ಓಲ್ಡ್ ಗೋವಾಕ್ಕೆ ಹೋಗುತ್ತಿದ್ದರಂತೆ. ಎದುರಿನ ಅಂಕುಡೊಂಕು ಮೆಟ್ಟಿಲು ಆಮೇಲೆ ಆದದ್ದು. ಮೇಲೆ ತೂಗುವ ದೊಡ್ಡ ಗಂಟೆ ಓಲ್ಡ್ ಗೋವಾದಲ್ಲಿ ಬಿದ್ದುಹೋದ ಅಗಸ್ಟೀನಿಯನ್ ಚರ್ಚಿನದು. ಆ ಚರ್ಚಿನ ಅರ್ಧ ಗೋಪುರ ಈಗಲೂ ಅಲ್ಲಿ ಒಂಟಿಯಾಗಿ ನಿಂತಿದೆ. ಗೋಪುರ ಅಲ್ಲಿ, ಗಂಟೆ ಇಲ್ಲಿ. ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡಿ.

ಪೂಜೆ ನಡೆಯುವ ಹೊತ್ತಲ್ಲಿ ಒಳಗೆ ಓಡಾಡಬೇಡಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಡಿಸೆಂಬರ್ 8ಕ್ಕೆ ಇಲ್ಲಿ ಜಾತ್ರೆ, ಆವತ್ತು ಊರೆಲ್ಲ ಇಲ್ಲೇ ಇರುತ್ತದೆ.

ಎದುರಿನ ಪಾರ್ಕಿಗೆ ಗಾರ್ಸಿಯಾ ದ ಓರ್ತಾ ಹೆಸರು. 16ನೇ ಶತಮಾನದಲ್ಲಿ ಗೋವಾದಲ್ಲಿದ್ದು ನಮ್ಮ ನಾಡಿನ ಔಷಧಿ ಗಿಡಗಳ ಬಗ್ಗೆ ಬರೆದ ವೈದ್ಯ. ನೆರಳು ಚೆನ್ನಾಗಿದೆ, ಬೆಂಚು ಇವೆ.

ಬಿಜಾಪುರದ ಆದಿಲ್ ಶಾಹಿಗೂ ಪಣಜಿಗೂ ಏನು ಸಂಬಂಧ?

ಪೋರ್ಚುಗೀಸರಿಗಿಂತ ಮೊದಲು ಗೋವಾ ಬಿಜಾಪುರದ ಕೈಯಲ್ಲಿ ಇತ್ತು. ಯೂಸುಫ್ ಆದಿಲ್ ಶಾ ಬೇಸಗೆಗೆ ಅಂತ ನದಿ ದಂಡೆಯಲ್ಲಿ ಕಟ್ಟಿಸಿದ ಕೋಟೆಯಂಥ ಅರಮನೆಯೇ ಪಣಜಿಯ ಅತಿ ಹಳೇ ಕಟ್ಟಡ. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಗೋವಾ ಗೆದ್ದ. ಮುಂದೆ ಇದೇ ವೈಸ್‌ರಾಯ್ ಮನೆ ಆಯಿತು, ಆಮೇಲೆ ಗೋವಾದ ಸೆಕ್ರೆಟೇರಿಯಟ್ ಆಯಿತು. ಈಗ ವಿಧಾನಸಭೆ ನದಿಯ ಆಚೆ ಪೊರ್ವೊರಿಂನಲ್ಲಿದೆ. ಗೋಲಗುಂಬಜ್ ನೋಡಿದವರು ಅಷ್ಟು ದೊಡ್ಡದನ್ನು ನೆನೆಸಿಕೊಂಡು ಬರಬೇಡಿ. ಇದು ಉದ್ದಕ್ಕೆ ಮಲಗಿದ ಹಂಚಿನ ಕಟ್ಟಡ, ಸಾಲು ಸಾಲು ಕಿಟಕಿ. ಆದರೆ ವಿಜಯಪುರದ ದೊರೆ ನಿಂತು ನೋಡಿದ ನದಿಯನ್ನೇ ನಾವೂ ನೋಡುತ್ತೇವಲ್ಲ, ಅದು ನನಗೆ ಹಿಡಿಸುತ್ತದೆ.

ಪಕ್ಕದಲ್ಲೇ ಒಂದು ಕಪ್ಪು ಪ್ರತಿಮೆ. ನಿಲುವಂಗಿ ತೊಟ್ಟ ಗಂಡಸು ಎರಡೂ ಕೈ ಚಾಚಿದ್ದಾನೆ, ಅವನ ಮುಂದೆ ಹೆಂಗಸು ಹಿಂದಕ್ಕೆ ವಾಲಿದ್ದಾಳೆ. ಹೊಸಬರು ಹೆದರುತ್ತಾರೆ. ಅವನು ಅಬೆ ಫಾರಿಯಾ. 1756ರಲ್ಲಿ ಇಲ್ಲೇ ಕಾಂದೋಳಿಯಲ್ಲಿ ಹುಟ್ಟಿದ ಪಾದ್ರಿ, ಮುಂದೆ ಪ್ಯಾರಿಸ್‌ನಲ್ಲಿ ಸಂಮೋಹನ ವಿದ್ಯೆಗೆ ಹೆಸರಾದ. ಮನುಷ್ಯ ಆ ನಿದ್ದೆಗೆ ಹೋಗುವುದು ಮಾಟಗಾರನ ಶಕ್ತಿಯಿಂದ ಅಲ್ಲ, ಅವನದೇ ಮನಸ್ಸಿನಿಂದ ಅಂತ ಮೊದಮೊದಲು ಹೇಳಿದವರಲ್ಲಿ ಅವನೊಬ್ಬ.

ಅವನ ಬಗ್ಗೆ ಗೋವಾದಲ್ಲಿ ಒಂದು ಕಥೆ ಹೇಳುತ್ತಾರೆ. ಲಿಸ್ಬನ್‌ನಲ್ಲಿ ರಾಣಿಯ ಎದುರು ಪ್ರವಚನ ಮಾಡಬೇಕಿತ್ತು. ಹುಡುಗ ಮೇಲೆ ಹತ್ತಿ ನಿಂತ, ಎದುರಿಗೆ ದೊಡ್ಡವರನ್ನೆಲ್ಲ ಕಂಡು ಬಾಯಿ ಕಟ್ಟಿತು. ಕೆಳಗೆ ಕೂತಿದ್ದ ಅಪ್ಪ ಕೊಂಕಣಿಯಲ್ಲಿ ಪಿಸುಗುಟ್ಟಿದನಂತೆ: ಇವರೆಲ್ಲ ಬರೀ ಭಾಜಿ, ಕತ್ತರಿಸೋ ಭಾಜಿ. ಸೊಪ್ಪು ಹೆಚ್ಚಿದ ಹಾಗೆ ಮಾತಾಡು ಅಂತ. ಹುಡುಗನ ನಾಲಿಗೆ ಸಡಿಲವಾಯಿತು. ವೇದಿಕೆ ಹತ್ತಲು ಅಂಜುವ ಮಕ್ಕಳಿದ್ದರೆ ಆ ಪ್ರತಿಮೆಯ ಎದುರು ನಿಲ್ಲಿಸಿ ಈ ಕಥೆ ಹೇಳಿ. ನನ್ನ ಮಗಳು ಈಗಲೂ ಶಾಲೆಯಲ್ಲಿ ಭಾಷಣಕ್ಕೆ ಹೊರಟಾಗ, ಅಮ್ಮಾ ಭಾಜಿ ಹೆಚ್ಚೋಕೆ ಹೋಗ್ತಾ ಇದೀನಿ ಅಂತಾಳೆ.

ರಸ್ತೆಗಳಿಗೆ ತಾರೀಖಿನ ಹೆಸರು ಯಾಕೆ?

ಎರಡು ಮುಖ್ಯ. 31 ಜನವರಿ ರಸ್ತೆ ಪೋರ್ಚುಗಲ್ ಕಡೆಯದು: 1891ರ ಆ ದಿನ ಪೋರ್ಟೊ ನಗರದಲ್ಲಿ ರಾಜಪ್ರಭುತ್ವ ಬೇಡ, ಗಣರಾಜ್ಯ ಬೇಕು ಅಂತ ದಂಗೆ ಎದ್ದಿತು. 18 ಜೂನ್ ರಸ್ತೆ ಗೋವಾದ್ದೇ: 1946ರ ಆ ದಿನ ಮಡಗಾಂವ್‌ನಲ್ಲಿ ರಾಮ್ ಮನೋಹರ್ ಲೋಹಿಯಾ ಸತ್ಯಾಗ್ರಹಕ್ಕೆ ಕರೆ ಕೊಟ್ಟರು. ಒಂದರಲ್ಲಿ ಹಳೇ ಮನೆ, ಬೇಕರಿ. ಇನ್ನೊಂದರಲ್ಲಿ ಗೋಡಂಬಿ ಅಂಗಡಿ, ಬಟ್ಟೆ ಅಂಗಡಿ.

ನದಿ ದಂಡೆಯಲ್ಲಿ ಸಂಜೆ ಏನು ನೋಡೋದು?

ಆಝಾದ್ ಮೈದಾನದಲ್ಲಿ ಕಂಬಗಳ ಮಂಟಪ ಇದೆ, ಆ ಕಂಬಗಳೂ ಓಲ್ಡ್ ಗೋವಾದ ಹಾಳು ಚರ್ಚಿನಿಂದ ಬಂದವು. ಪಕ್ಕದ ಮೆನೆಜೆಸ್ ಬ್ರಗಾಂಜಾ ಸಂಸ್ಥೆಯ ಬಾಗಿಲೊಳಗೆ ಗೋಡೆ ತುಂಬ ನೀಲಿ ಬಿಳಿ ಹೆಂಚಿನ ಚಿತ್ರ, ಪೋರ್ಚುಗೀಸರ ಸಮುದ್ರಯಾನದ ಕಥೆ. ಕಚೇರಿ ಹೊತ್ತಲ್ಲಿ ಹೋದರೆ ಸಿಗುತ್ತದೆ. ಕಲಾ ಅಕಾಡೆಮಿ ಚಾರ್ಲ್ಸ್ ಕೊರಿಯಾ ವಿನ್ಯಾಸ ಮಾಡಿದ ಕಟ್ಟಡ. ದಂಡೆಯ ಮರಗಳ ಕೆಳಗೆ ಗಾಳಿ ಬೀಸುತ್ತದೆ.

ನೀರಿನ ಮೇಲೆ ನಿಂತ ದೊಡ್ಡ ಹಡಗುಗಳು ಕ್ಯಾಸಿನೊ. ಮಕ್ಕಳು ದೋಣಿ ಬೇಕು ಅಂದರೆ ಬೇತಿಂಗೆ ಹೋಗುವ ಫೆರ್ರಿ ಹತ್ತಿಸಿ. ನಡೆದು ಹತ್ತುವವರಿಗೆ ಟಿಕೆಟ್ ಇಲ್ಲ. ಕೆಲಸ ಮುಗಿಸಿ ಮನೆಗೆ ಹೋಗುವವರ ಜೊತೆ ಕಂಬಿ ಹಿಡಿದು ನಿಂತು ಆಚೆ ದಡಕ್ಕೆ ಹೋಗಿ, ಅದೇ ಫೆರ್ರಿಯಲ್ಲಿ ವಾಪಸ್ ಬನ್ನಿ. ನೀರಿನ ಮಧ್ಯದಿಂದ ಪಣಜಿ ನೋಡುವುದಕ್ಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಸಸ್ಯಾಹಾರಿಗಳಿಗೆ ತಿನ್ನೋಕೆ ಸಿಗುತ್ತಾ?

ಧಾರಾಳವಾಗಿ. ಬೆಳಿಗ್ಗೆ ಭಾಜಿ ಪಾವ್ ತಿನ್ನಿ. ಮುಂಬೈ ಪಾವ್ ಭಾಜಿ ಬೇರೆ, ಇದು ಬೇರೆ. ಒಣ ಬಟಾಟೆ ಭಾಜಿ, ತೆಳ್ಳಗಿನ ಬಟಾಣಿ ಭಾಜಿ, ಎರಡೂ ಸೇರಿಸಿ ಬೇಕು ಅಂದರೆ ಮಿಕ್ಸ್ ಅನ್ನಿ. ಜೊತೆಗೆ ಮಿರ್ಚಿ, ಬನ್ಸ್. ಕೆಫೆ ತಾತೊ, ಕೆಫೆ ಭೋಂಸ್ಲೆ ಯಾರನ್ನು ಕೇಳಿದರೂ ತೋರಿಸುತ್ತಾರೆ. ಗೋವಾದ ತರಕಾರಿ ಬಹುಪಾಲು ಬೆಳಗಾವಿಯಿಂದ ಹೋಗುತ್ತದೆ, ಹಾಗಾಗಿ ಬಟಾಟೆಯಂತೂ ನಮ್ಮದೇ.

ಬೆಬಿಂಕ ಕೊಳ್ಳುವ ಮುಂಚೆ ಒಂದು ಮಾತು. ತೆಂಗಿನ ಹಾಲು, ತುಪ್ಪ, ಸಕ್ಕರೆ ಹಾಕಿ ಒಂದು ಪದರ ಬೆಂದ ಮೇಲೆ ಇನ್ನೊಂದು ಪದರ ಹುಯ್ದು ಮಾಡುವ ಸಿಹಿ, ತುಂಬ ರುಚಿ. ಆದರೆ ಅದರಲ್ಲಿ ಮೊಟ್ಟೆಯ ಹಳದಿ ಜಾಸ್ತಿ ಇರುತ್ತದೆ. ಮೊಟ್ಟೆ ತಿನ್ನದವರು ದೋದೊಲ್ ತಗೊಳ್ಳಿ, ಬೆಲ್ಲ, ತೆಂಗಿನ ಹಾಲು, ಅಕ್ಕಿ ಹಿಟ್ಟಿನದು.

ಮೀನು ತಿನ್ನುವವರಿಗೆ ನಾನು ಹೇಳಬೇಕಿಲ್ಲ. ಮಧ್ಯಾಹ್ನದ ಮೀನಿನ ಥಾಲಿ, ಜೊತೆಗೆ ಸೋಲ್ ಕಡಿ, ಅಂದರೆ ಕೋಕಂ ಹುಳಿಯ ತಂಪು ಪಾನೀಯ.

ವಯಸ್ಸಾದವರು ನಡೆಯಬಲ್ಲರಾ?

ಅವ್ವನಿಗೆ ಎಪ್ಪತ್ತು ದಾಟಿದ ಮೇಲೆ ಕರೆದುಕೊಂಡು ಹೋಗಿದ್ದೆ, ಮೊಣಕಾಲು ನೋವು ಇತ್ತು. ಫೊಂಟೇನಾಸ್ ಕೆಳಗಿನ ಗಲ್ಲಿಗಳು ಸಮತಟ್ಟು, ಅಲ್ಲಿ ಸಲೀಸಾಗಿ ನಡೆದಳು. ಚರ್ಚಿನ ಮೆಟ್ಟಿಲು, ಮಾರುತಿ ಗುಡಿ, ಆಲ್ತಿನ್ಹೊ ಏರು ಬೇಡ ಅಂದಳು. ಪಾರ್ಕಿನ ಬೆಂಚಿನ ಮೇಲೆ ಕೂತು ಚರ್ಚ್ ನೋಡಿದಳು, ಪಕ್ಕದಲ್ಲಿ ಕೂತ ಅಜ್ಜಿಯ ಜೊತೆ ಭಾಷೆ ಬಾರದಿದ್ದರೂ ಮೊಮ್ಮಕ್ಕಳ ಲೆಕ್ಕ ಹಂಚಿಕೊಂಡಳು. ಫುಟ್‌ಪಾತ್ ಕೆಲವು ಕಡೆ ಎತ್ತರ, ಕೆಲವು ಕಡೆ ಇಲ್ಲವೇ ಇಲ್ಲ, ಕೈ ಹಿಡಿದುಕೊಳ್ಳಿ. ಶೌಚಕ್ಕೆ ಹೊರಡುವ ಮುಂಚೆ ಬಸ್ ಸ್ಟ್ಯಾಂಡಲ್ಲೇ ಹೋಗಿ, ಆಮೇಲೆ ತಿಂಡಿಗೆ ಕೂತ ಕಡೆ.

ಯಾವ ತಿಂಗಳು, ಯಾವ ದಿನ?

ನವೆಂಬರ್‌ನಿಂದ ಫೆಬ್ರವರಿ ಹಿತ. ನವೆಂಬರ್ ಕೊನೆಗೆ ಸಿನಿಮೋತ್ಸವ, ಫೆಬ್ರವರಿ ಆಸುಪಾಸಿಗೆ ಕಾರ್ನಿವಲ್, ಆಗ ಜನಜಂಗುಳಿ, ರೂಮಿನ ಬೆಲೆಯೂ ಏರುತ್ತದೆ. ಏಪ್ರಿಲ್, ಮೇನಲ್ಲಿ ಬೆವರು ಬತ್ತುವುದೇ ಇಲ್ಲ. ನನಗೆ ಜೂನ್ ಕೊನೆ ಇಷ್ಟ. ಗೋಡೆಗಳಿಗೆ ಪಾಚಿ ಹತ್ತಿ ಬಣ್ಣಗಳೆಲ್ಲ ಗಾಢ ಆಗಿರುತ್ತವೆ, ಗಲ್ಲಿ ಖಾಲಿ. ಆದರೆ ಮೆಟ್ಟಿಲು ಜಾರುತ್ತದೆ, ಹಿಡಿತ ಇರುವ ಚಪ್ಪಲಿ ಬೇಕು.

ಭಾನುವಾರ ಅಂಗಡಿ ಬಹುಪಾಲು ಮುಚ್ಚಿರುತ್ತವೆ. ಉಳಿದ ದಿನವೂ ಮಧ್ಯಾಹ್ನ ಒಂದರಿಂದ ಮೂರು, ಮೂರೂವರೆವರೆಗೆ ಎಷ್ಟೋ ಅಂಗಡಿಗಳ ಬಾಗಿಲು ಅರ್ಧ ಇಳಿದಿರುತ್ತದೆ. ಅದು ಅವರ ಮಲಗುವ ಹೊತ್ತು, ನೀವೂ ಮಲಗಿ.

ಕನ್ನಡ ನಡೆಯುತ್ತಾ?

ಊರ ಮಾತು ಕೊಂಕಣಿ. ಹಿಂದಿ, ಇಂಗ್ಲಿಷ್, ಮರಾಠಿ ನಡೆಯುತ್ತವೆ. ಆದರೆ ಮಾರ್ಕೆಟ್‌ನಲ್ಲಿ ಕಿವಿ ತೆರೆದಿಡಿ. ತರಕಾರಿ ಮಾರುವವರು, ಕಟ್ಟಡದ ಕೆಲಸದವರು, ಹೂವಿನವರು ಎಷ್ಟೋ ಜನ ಉತ್ತರ ಕರ್ನಾಟಕದವರು. ಎಲ್ಲಿಂದ ಬಂದ್ರಿ ಅಂತ ಅವರೇ ಕೇಳುತ್ತಾರೆ. ಸುಮ್ನೆ ದಾಟಿ ಹೋಗಬೇಡಿ, ಎರಡು ಮಾತಾಡಿ. ಒಬ್ಬ ಹೂವಿನ ಅಕ್ಕ ಸವದತ್ತಿ ಕಡೆಯವರು ಅಂತ ಗೊತ್ತಾಗಿ, ಯಲ್ಲಮ್ಮನ ಗುಡ್ಡದ ಜಾತ್ರೆ ಮಾತಾಡುತ್ತ ನಾನೂ ಅವ್ವನೂ ಅರ್ಧ ಗಂಟೆ ಅಲ್ಲೇ ನಿಂತಿದ್ದೆವು.

ಅದೇ ದಿನ ಓಲ್ಡ್ ಗೋವಾ ಮುಗಿಸಬಹುದಾ?

ಮುಗಿಸಬೇಡಿ, ಅದಕ್ಕೆ ಬೇರೆ ಅರ್ಧ ದಿನ ಕೊಡಿ. ಕಾರಲ್ಲಿ ಹೋಗುವುದಾದರೆ ರಿಬಂದರ್ ಮೇಲೆ ಹೋಗಿ. ಪಣಜಿಯಿಂದ ಅಲ್ಲಿಗೆ ನೀರಿನ ಮಧ್ಯೆ ನೇರ ಕಟ್ಟಿದ ಏರಿ, ಸುಮಾರು ಮೂರು ಕಿಲೋಮೀಟರ್, 1630ರ ದಶಕದ್ದು. ಒಂದು ಕಡೆ ನದಿ, ಇನ್ನೊಂದು ಕಡೆ ಉಪ್ಪಿನ ಗದ್ದೆಯ ಬಯಲು.

ಒಂದು ರಾತ್ರಿ ಉಳಿಯಲೇಬೇಕಾ?

ಸಾಧ್ಯವಾದರೆ ಉಳಿಯಿರಿ, ಫೊಂಟೇನಾಸ್ ಒಳಗೆ ಯಾವುದಾದರೂ ಹಳೇ ಮನೆಯ ರೂಮಿನಲ್ಲಿ. ಬೆಳಿಗ್ಗೆ ಆರೂವರೆ ಹೊತ್ತಿಗೆ ಪೋಂ ಪೋಂ ಅಂತ ರಬ್ಬರ್ ಹಾರ್ನ್ ಕೇಳಿಸುತ್ತದೆ. ಎದ್ದು ಕೆಳಗೆ ಬನ್ನಿ. ಸೈಕಲ್ ಹಿಂದೆ ದೊಡ್ಡ ಬುಟ್ಟಿ ಕಟ್ಟಿಕೊಂಡು ಪೊದೆರ್ ಬಂದಿರುತ್ತಾನೆ, ಬ್ರೆಡ್ ಮಾರುವವನು. ಬುಟ್ಟಿಯ ಮೇಲಿನ ಪ್ಲಾಸ್ಟಿಕ್ ಹಾಳೆ ಸರಿಸಿದ ಕೂಡಲೇ ಬಿಸಿ ಹಬೆ ಮುಖಕ್ಕೆ ಬಡಿಯುತ್ತದೆ. ಪೋಯಿ ಕೇಳಿ. ಮೇಲೆ ಗೋಧಿ ತೌಡು ಉದುರಿಸಿದ, ಒಳಗೆ ಟೊಳ್ಳಾದ ದುಂಡು ರೊಟ್ಟಿ. ಬೇಗ ಖಾಲಿಯಾಗುತ್ತದೆ, ಚಿಲ್ಲರೆ ರಾತ್ರಿಯೇ ಎತ್ತಿಟ್ಟುಕೊಳ್ಳಿ.